ಅಂಗಡಿಯ ನಂಬರು ಕೊಟ್ಟವರು

ಬಳ್ಳಾರಿಯ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮವರು ಹಳ್ಳಿಗಳಲ್ಲಿ ಶಿಬಿರ ಮಾಡಿ, ಪೊರೆ ಬಂದವರ ಹೆಸರು, ಫೋನ್ ನಂಬರು ಬರೆದುಕೊಂಡು ಬರುತ್ತಾರೆ. ಸರದಿ ಬಂದಾಗ ಒಂದು ಮೆಸೇಜು ಹೋಗುತ್ತದೆ. ಮರುದಿನ ನಮ್ಮ ಬಸ್ಸು ಹೋಗಿ ಅವರನ್ನು ಆಪರೇಷನ್ನಿಗೆ ಕರೆತರುತ್ತದೆ. ಯಾರಿಗೆ ಮೆಸೇಜು ಹೋಗಬೇಕು ಎಂದು ಡೇಟಾಬೇಸನ್ನು ಕೇಳುವ ಕ್ವೆರಿ ಬರೆಯುವವನು ನಾನು.

ಕಳೆದ ಚಳಿಗಾಲದಲ್ಲಿ ಕುರುಗೋಡಿನ ಅಜ್ಜನೊಬ್ಬ ಫೋನು ಹಿಡಿದುಕೊಂಡೇ ನನ್ನ ಮೇಜಿನ ಮುಂದೆ ಬಂದು ನಿಂತ.

"ತಮ್ಮಾ, ಎರಡು ಮೆಸೇಜ್ ಬಂದಾವು. ಎರಡೂ ಕಣ್ಣು ಒಂದ ದಿನ ಕೊಯ್ತೀರೇನು? ಹಂಗಿದ್ರ ಮನಿಗಿ ಹೋಗಾಕ ದಾರಿ ನೀ ತೋರಸ್ತೀಯೇನು?"

ಆಫೀಸೆಲ್ಲ ನಕ್ಕಿತು. ಹುಡುಕಿದರೆ ಕಾರಣ ಸುಲಭವಾಗಿಯೇ ಸಿಕ್ಕಿತು. ಶಿಬಿರದಲ್ಲೊಮ್ಮೆ, ಸಕ್ಕರೆ ಕಾಯಿಲೆಯ ತಪಾಸಣೆಯಲ್ಲೊಮ್ಮೆ, ಅಜ್ಜನ ಒಂದೇ ನಂಬರನ್ನು ಎರಡು ಸಲ ದಾಖಲಿಸಿದ್ದರು. ಕಂಪ್ಯೂಟರಿನಲ್ಲಿ ರೋಗಿಗಳ ಪಟ್ಟಿಯನ್ನು ಫೋನುಗಳ ಪಟ್ಟಿಗೆ ಜೋಡಿಸಿದಾಗ ಒಬ್ಬ ಅಜ್ಜ ಇಬ್ಬರಾಗಿದ್ದ. ಈ ಕೆಲಸದಲ್ಲಿ ದಿನಬೆಳಗಾದರೆ ಕಾಣುವ ತೊಂದರೆ ಇದು. ಒಂದು ನಂಬರಿಗೆ ಒಂದೇ ಸಾಲು ಉಳಿಯಲಿ ಎಂದು ಕ್ವೆರಿ ತಿದ್ದಿದೆ. ಪಟ್ಟಿ ಚೊಕ್ಕವಾಯಿತು. ಮೇಲಿನವರು ಬೆನ್ನು ತಟ್ಟಿದರು. ನಾನೂ ಸ್ವಲ್ಪ ಬೀಗಿದೆ, ಯಾಕೆ ಸುಳ್ಳು ಹೇಳಲಿ.

ಆಮೇಲೆ ಸಿರುಗುಪ್ಪದ ಕಡೆಗೆ ಹೋದ ಬಸ್ಸು ಖಾಲಿ ಸೀಟು ಹೊತ್ತುಕೊಂಡು ಬಂತು. ಡ್ರೈವರು ಇಳಿಯುತ್ತಲೇ ಕೇಳಿದ: "ಸಿರಿಗೇರಿ ಮಂದಿ ಕಣ್ಣು ತಾವ ನೆಟ್ಟಗಾದವೇನ್ರಿ ಸಾರ್? ಒಬ್ಬಾಕಿನ ಬಂದಾಳ."

ಮನಸ್ಸು ತಡೆಯದೆ ಬೈಕ್ ಹತ್ತಿ ಸಿರಿಗೇರಿಗೆ ಹೋದೆ. ಮೆಸೇಜು ಹೋದ ನಂಬರು ಒಂದು ಕಿರಾಣಿ ಅಂಗಡಿಯದು. ಅಂಗಡಿಯವನು ಬೆಲ್ಲ ತೂಗುತ್ತಲೇ ಹೇಳಿದ: "ಈ ಓಣಿ ಮುದುಕ್ಯಾರೆಲ್ಲಾ ನನ್ನ ನಂಬರ ಕೊಟ್ಟಾರ್ರಿ. ಮದ್ಲೆಲ್ಲಾ ಒಬ್ಬೊಬ್ಬರ ಹೆಸರಿಗಿ ಒಂದೊಂದು ಬರ್ತಿತ್ತು, ನಾ ಕೂಗಿ ಹೇಳ್ತಿದ್ದೆ. ಈ ಸಲ ಒಂದ ಹೆಸರು ಬಂತು. ಆಕಿನ್ನ ಕಳಿಸಿದೆ."

ನಿಂತಲ್ಲೇ ಗೊತ್ತಾಯಿತು. ನಾನು ಅಳಿಸಿದ್ದು ಎರಡು ಸಲ ಬಂದ ಸಾಲನ್ನಲ್ಲ, ಒಂದು ನಂಬರಿನ ನೆರಳಿನಲ್ಲಿದ್ದ ಬೇರೆ ಬೇರೆ ಮನುಷ್ಯರನ್ನು. ನಾನು ಬೆಳೆದದ್ದೂ ತೆಕ್ಕಲಕೋಟೆಯ ಅಂಥದೇ ಓಣಿಯಲ್ಲಿ. ನಮ್ಮಜ್ಜಿಗೆ ಫೋನು ಬಂದರೆ ಹಿಟ್ಟಿನ ಗಿರಣಿಯವನು ಕೂಗುತ್ತಿದ್ದ, ಆಕೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಓಡುತ್ತಿದ್ದಳು. ಕ್ವೆರಿ ಬರೆಯುವಾಗ ಅದು ನೆನಪಿಗೆ ಬರಬಾರದಿತ್ತೇ?

ಅಂಗಡಿ ಕಟ್ಟೆಯ ಮೇಲೆ ಕೌದಿ ಹೊಲಿಯುವ ಒಬ್ಬ ಮುದುಕಿ ಕೂತಿದ್ದಳು. ಮಡಿಲಲ್ಲಿ ಹಳೇ ಸೀರೆಯ ತುಂಡುಗಳು, ಕೈಯಲ್ಲಿ ದಾರವಿಲ್ಲದ ಸೂಜಿ. ಗದ್ದೆ ಕೆಲಸ ನಿಲ್ಲುವ ಬೇಸಿಗೆಯಲ್ಲಿ ಆಕೆಗೆ ಕೌದಿಯೇ ಆಧಾರ. ಅಷ್ಟರೊಳಗೆ ಕಣ್ಣು ಕಾಣುವಂತಾಗಬೇಕಿತ್ತು.

"ದವಾಖಾನ್ಯಾಗ ನನ್ನ ಹೆಸರು ಹೊಡೆದಾರಪಾ," ಎಂದಳು. "ಅಂಗಡಿ ನಂಬರ ನನ್ನದ ಅಂತ ಹೇಳಿದ್ದೆ. ಸುಳ್ಳು ಹೇಳಾಕಿ ಅಂತ ಗೊತ್ತಾಗೇತಿ ಅವ್ರಿಗಿ. ಕೇಳಾಕ ಬರೂಣಂದ್ರ ನಾಚಿಕಿ."

"ಹಂಗೇನಿಲ್ಲವ್ವಾ, ಕಂಪ್ಯೂಟರ್ ತಪ್ಪು," ಎಂದೆ.

"ಪಾಪ, ಅದಕ್ಕೂ ಪೊರಿ ಬಂದೈತೇನು?"

ಅಂಗಡಿಯವನು ನಕ್ಕ, ನಾನೂ ನಕ್ಕೆ. ಆ ನಗು ನೆನೆದರೆ ಈಗಲೂ ತಲೆ ತಗ್ಗುತ್ತದೆ.

ಬಳ್ಳಾರಿಗೆ ಮರಳಿ ಕ್ವೆರಿ ತಿದ್ದಿದೆ: ನಂಬರಿಗೊಂದು ಸಾಲಲ್ಲ, ರೋಗಿಗೊಂದು ಸಾಲು. ಎರಡೇ ಪದದ ಬದಲಾವಣೆ. ಆದರೆ ತಪ್ಪಿಹೋದ ಸರದಿ ತಿದ್ದಲು ಕ್ವೆರಿ ಇರಲಿಲ್ಲ. ಬೇಸಿಗೆಯ ಪಟ್ಟಿ ಆಗಲೇ ತುಂಬಿತ್ತು. ಆಕೆಯನ್ನು ಮುಂದೆ ತಂದರೆ ಇನ್ನೊಬ್ಬರನ್ನು ಹಿಂದೆ ದೂಡಬೇಕು. ಮುದುಕಿಗೆ ಸರದಿ ಬಂದದ್ದು ಮಳೆಗಾಲದ ಹೊಸ್ತಿಲಲ್ಲಿ. ಸಿರುಗುಪ್ಪದ ಒಂದು ಮನೆಯವರು ತೊಟ್ಟಿಲಿಗೆಂದು ಆಕೆಗೆ ಹೊಲಿಯಲು ಹೇಳಿದ್ದ ಕೌದಿ ಅಷ್ಟೊತ್ತಿಗೆ ಬೇರೆಯವಳ ಪಾಲಾಗಿತ್ತು.

ಆಕೆಯ ಕಣ್ಣಿನ ಪಟ್ಟಿ ಬಿಚ್ಚಿದ ಬೆಳಿಗ್ಗೆ ವಾರ್ಡಿಗೆ ಹೋದೆ. ನನ್ನ ದನಿ ಕೇಳಿ ಗುರುತು ಹಿಡಿದಳು.

"ಇಷ್ಟು ಸಣ್ಣಾವ ಅದೀಯೇನು ನೀನು? ದನಿ ಕೇಳಿ ದೊಡ್ಡ ಸಾಹೇಬ ಅಂದ್ಕೊಂಡಿದ್ದೆ." ನೆಟ್ಟ ನೋಟದಲ್ಲಿ ನೋಡಿದಳು. ಆ ಕಣ್ಣಿನ ಎದುರು ಹಳೆಯ ಮಾತು ನಿಲ್ಲಲಿಲ್ಲ.

"ಅವ್ವಾ, ತಪ್ಪು ಕಂಪ್ಯೂಟರ್‌ದಲ್ಲ. ನಂದು. ಒಂದು ನಂಬರಿಗಿ ಒಬ್ರ ಇರ್ತಾರ ಅಂದ್ಕೊಂಡು ಉಳಿದವರನ್ನ ನಾನ ತೆಗೆದಿದ್ದೆ."

ಆಕೆ ಹೊದಿಕೆಯ ಅಂಚು ಮಡಚತೊಡಗಿದಳು.

"ಕಂಪ್ಯೂಟರ್ ತಪ್ಪು ಅಂದದ್ದು ನನ್ನ ಸಮಾಧಾನಕ್ಕ ಅಂದ್ಕೊಂಡು ಬ್ಯಾಸಿಗಿ ಪೂರಾ ನನ್ನ ನಾಲಿಗೀನ ಬೈಕೊಂತ ಕುಂತಿದ್ದೆ. ಓಣ್ಯಾಗೂ ಹಂಗ ಹೇಳಿದೆ, ಸುಳ್ಳು ಹೇಳಿ ಕೆಟ್ಟೆ ಅಂತ. ಅವತ್ತ ಕಟ್ಟಿ ಮ್ಯಾಲೆ ಹೇಳಿದ್ರ ನಿನಗೇನಾಗ್ತಿತ್ತು?"

ಆಕೆ ಹೊದಿಕೆಯನ್ನು ಬದಿಗಿಟ್ಟಳು.

"ಹೋಗ್ಲಿ ಬಿಡು. ನನಗ ಹೇಳಿ ಏನುಪಯೋಗ? ಬಂದು ಅಂಗಡಿ ಮುಂದ ಹೇಳು."

ಮಧ್ಯಾಹ್ನ ಸಿರಿಗೇರಿಯ ಬಸ್ಸು ಹೊರಟಾಗ ನಾನೂ ಹತ್ತಿದೆ. ಆಕೆ ಕಿಟಕಿ ಕಡೆ ಸರಿದು ಜಾಗ ಬಿಟ್ಟಳು.