ಸೋಪಿನ ನೀರಿಗೆ ಬಿದ್ದ ಮಾತ್ರೆ

ನಮ್ಮ ಕೇಂದ್ರದಲ್ಲಿ ಅವಳನ್ನು ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ಡಾಕ್ಟರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರಿಗೂ ಅವಳು ಗಡಿಬಿಡಿ. ಎದುರಿಗೇ ಹಾಗೆ ಕರೆದರೂ ಬೇಸರವಿಲ್ಲ. ಬೇಸರ ಮಾಡಿಕೊಳ್ಳುವುದಕ್ಕೆ ಅವಳಿಗೆ ಪುರುಸೊತ್ತೆಲ್ಲಿದೆ? ನಾನು ಎಚ್‌ಐವಿ ಇರುವವರಿಗೆ ಔಷಧಿ ಕೊಡುವ ಕಿಟಕಿಯ ಹಿಂದೆ ಕೂರುವವನು. ಕೂರುವುದು ನನ್ನ ಕೆಲಸ, ನಿಂತಲ್ಲಿ ನಿಲ್ಲದಿರುವುದು ಅವಳ ಕೆಲಸ. ಮಾತ್ರೆ ಒಯ್ಯಲು ಕೇಂದ್ರಕ್ಕೆ ಬಾರದವರನ್ನು ಹುಡುಕಿಕೊಂಡು ಹೋಗಿ, ಗದರಿ, ಬೇಡಿ, ಕೊನೆಗೆ ಜಗಳವನ್ನಾದರೂ ಆಡಿ ಕರೆತರುವವಳು ಅವಳು. ಈ ಮಾತ್ರೆಯನ್ನು ಬದುಕಿರುವಷ್ಟು ಕಾಲ ದಿನವೂ ನುಂಗಬೇಕು. ನುಂಗುತ್ತಿದ್ದರೆ ರೋಗ ತಲೆಯೆತ್ತುವುದಿಲ್ಲ. ಆಗೀಗ ಬಿಟ್ಟರೆ ಅದು ಮಾತ್ರೆಗೂ ಬಗ್ಗದಂತೆ ಬಲಿಯುತ್ತದೆ.

ಇಲ್ಲಿಗೆ ಬರುವ ಮುಂಚೆ ಅವಳು ಮನೆಮನೆಗೆ ಪ್ಲಾಸ್ಟಿಕ್ ಡಬ್ಬಿ ಮಾರುತ್ತಿದ್ದಳು. ಆ ಕಸುಬಿನಿಂದ ಅವಳಿಗೆ ಉಳಿದದ್ದು ಎರಡು: ಯಾವ ಬಾಗಿಲನ್ನಾದರೂ ತೆರೆಸುವ ಬಾಯಿ, ಮತ್ತು ಮಾರಾಟವಾಗದೆ ಅಟ್ಟದ ಮೇಲೆ ಬಿದ್ದಿದ್ದ ಒಂದು ರಾಶಿ ಡಬ್ಬಿ. ಗಂಡ ಗಡಿಯಾರ ರಿಪೇರಿ ಮಾಡುವವರು, ತಣ್ಣಗಿನ ಮನುಷ್ಯ. ಅಂಗಡಿಯಲ್ಲಿ ಇರುವ ಗಡಿಯಾರಗಳೆಲ್ಲ ನಿಂತಿವೆ, ಮನೆಯಲ್ಲಿರುವ ಒಂದು ಮಾತ್ರ ನಿಲ್ಲುವುದಿಲ್ಲ ಎಂದು ಗಿರಾಕಿಗಳಿಗೆಲ್ಲ ಹೇಳಿಕೊಂಡು ನಗುತ್ತಿದ್ದರು.

ಆ ಡಬ್ಬಿಗಳ ವಿಷಯಕ್ಕೆ ನನಗೂ ಅವಳಿಗೂ ಯಾವಾಗಲೂ ಜಟಾಪಟಿ. ನಾನು ಕೊಟ್ಟ ಬಾಟಲಿಯ ಸೀಲು ಒಡೆದು, ಮಾತ್ರೆಗಳನ್ನು ತನ್ನ ಡಬ್ಬಿಗೆ ಸುರಿದು, ಗಲಗಲ ಸದ್ದಾಗದ ಹಾಗೆ ಹತ್ತಿ ತುರುಕಿ, ಮೇಲೊಂದು ಕ್ಯಾಲ್ಸಿಯಮ್ಮಿನದೋ ವಿಟಮಿನ್ನಿನದೋ ಚೀಟಿ ಅಂಟಿಸಿ ಕೊಡುತ್ತಿದ್ದಳು. ಮನೆಯವರಿಗೆ ರೋಗದ ಸುದ್ದಿ ಹೇಳಿಕೊಳ್ಳಲಾಗದವರು ಅವಳನ್ನು ಹಾಗೆ ಕೇಳಿಕೊಳ್ಳುತ್ತಿದ್ದರು. ಔಷಧಿ ಅದರ ಬಾಟಲಿಯಲ್ಲೇ ಇರಬೇಕಮ್ಮ, ಇಲ್ಲದಿದ್ದರೆ ಕೆಡುತ್ತದೆ ಎಂದು ನಾನು ಹೇಳಿ ಹೇಳಿ ಸೋತಿದ್ದೆ.

"ನಿಮ್ಮ ಬಾಟಲೀಲಿ ಇಟ್ರೆ ಮಾತ್ರೆ ಕೆಡಲ್ಲ ಸಾರ್, ಸಂಸಾರ ಕೆಡುತ್ತೆ" ಎನ್ನುತ್ತಿದ್ದಳು.

ಆಮೇಲೆ ಕೊರೊನಾ ಬಂತು. ನಮ್ಮ ಕೋಣೆಗಳನ್ನು ಜ್ವರದವರಿಗೆಂದು ಬಿಡಿಸಿಕೊಂಡು ನಮ್ಮನ್ನು ಹಿಂದುಗಡೆ, ಮುರಿದ ಮಂಚಗಳನ್ನು ಪೇರಿಸಿಟ್ಟಿದ್ದ ಉಗ್ರಾಣಕ್ಕೆ ಅಟ್ಟಿದರು. ಅಲ್ಲಿ ಕಿಟಕಿಯೇ ಇರಲಿಲ್ಲ. ಬಾಗಿಲಿಗೆ ಅಡ್ಡ ಮೇಜು ಹಾಕಿಕೊಂಡು ಅದನ್ನೇ ಕಿಟಕಿ ಅಂದುಕೊಂಡೆ. ಬಸ್ಸು ನಿಂತಿತು. ಬರುವವರು ಬರುವುದು ನಿಂತಿತು. ಫೋನು ಮಾತ್ರ ನಿಲ್ಲಲಿಲ್ಲ. ಒಬ್ಬರಿಗೆ ಮಾತ್ರೆ ಮುಗಿದಿದೆ, ಇನ್ನೊಬ್ಬರನ್ನು ಪೊಲೀಸರು ದಾರಿಯಲ್ಲೇ ತಿರುಗಿಸಿ ಕಳಿಸಿದ್ದಾರೆ, ಎಲ್ಲಿಗೆ ಹೊರಟೆ ಅಂದರೆ ಮತ್ತೊಬ್ಬರಿಗೆ ಬಾಯಿ ಬರುವುದಿಲ್ಲ. ಗಡಿಬಿಡಿ ಅವರಿವರ ಕೈಕಾಲು ಹಿಡಿದು ಒಂದು ಪಾಸು ಮಾಡಿಸಿಕೊಂಡಳು. ಸ್ಕೂಟರಿನ ಮುಂದೆ ಒಂದು ಚೀಲ, ಹಿಂದೆ ಒಂದು ಚೀಲ. ಒಂದು ಬೀದಿಯಲ್ಲಿ ಅವಳು ವಿಮೆಯವಳು, ಇನ್ನೊಂದರಲ್ಲಿ ಬ್ಲೌಸ್ ಹೊಲಿಯಲು ಕೊಟ್ಟವಳು, ಮತ್ತೊಂದರಲ್ಲಿ ಯಾರದೋ ಚಿಕ್ಕಮ್ಮನ ಮಗಳು. ಎಲ್ಲಿ ಯಾರಾಗಿದ್ದೆ ಎನ್ನುವುದು ಅವಳಿಗೇ ಗೊಂದಲವಾಗಿ ಒಮ್ಮೆ ವಿಮೆ ಮಾಡಿಸಿದ ಮನೆಯಲ್ಲಿ ಬ್ಲೌಸು ಕೇಳಿ ಬಂದಿದ್ದಳು. ಸಂಜೆ ಮನೆಗೆ ಹೋದರೆ ಹಿತ್ತಲಿನಲ್ಲೇ ಸ್ನಾನ. ಮಗಳು ಬಾಗಿಲ ಸಂದಿಯಿಂದ ಟವೆಲ್ ಎಸೆಯುತ್ತಿದ್ದಳಂತೆ, ಹತ್ತಿರ ಬರುತ್ತಿರಲಿಲ್ಲವಂತೆ. ಅದನ್ನು ಹೇಳುವಾಗ ಮಾತ್ರ ಅವಳ ದನಿ ಸಣ್ಣಗಾಗುತ್ತಿತ್ತು.

ಒಂದು ಬೆಳಿಗ್ಗೆ ಒಬ್ಬ ಲಾರಿ ಡ್ರೈವರ್ ಫೋನ್ ಮಾಡಿದ. ಗಂಡಹೆಂಡತಿ ಇಬ್ಬರೂ ನಮ್ಮಲ್ಲಿಯೇ ಮಾತ್ರೆ ತೆಗೆದುಕೊಳ್ಳುವವರು. ಪ್ರತಿ ಸಲ ಇಬ್ಬರದ್ದನ್ನೂ ಅವನೇ ಬಂದು ಒಯ್ಯುತ್ತಿದ್ದ. ಈಗ ಲಾರಿ ಎಲ್ಲೋ ದೂರದ ಗೋದಾಮಿನ ಮುಂದೆ ಸಿಕ್ಕಿಬಿದ್ದಿತ್ತು.

"ಅವಳಿಗೆ ತುಂಬಿದ ಬಸಿರು ಸಾರ್. ನನ್ನದು ಇಲ್ಲೇ ಒಂದು ಆಸ್ಪತ್ರೇಲಿ ಸಿಕ್ತು, ಅವಳ ಮಾತ್ರೆ ಮುಗೀತಾ ಬಂತು. ಮನೇಲಿ ಇರೋದು ಅವಳು, ನಮ್ಮಮ್ಮ ಇಬ್ರೇ. ಅಮ್ಮಂಗೆ ಏನೂ ಗೊತ್ತಿಲ್ಲ, ಗೊತ್ತಾಗ್ಲೂಬಾರದು. ಹೇಗಾದ್ರೂ ಮಾಡಿ ತಲುಪಿಸಿ."

ತಾಯಿ ತಪ್ಪದೆ ಮಾತ್ರೆ ನುಂಗುತ್ತಿದ್ದರೆ ಮಗುವಿಗೆ ರೋಗ ದಾಟುವುದು ಬಹಳ ಅಪರೂಪ. ಹೆರಿಗೆ ಹತ್ತಿರವಾದಾಗ ತಪ್ಪಿಸಿದರೆ ಅಪಾಯ. ಇದು ಗಡಿಬಿಡಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸೀಲು ಒಡೆದಳು, ಡಬ್ಬಿಗೆ ಸುರಿದಳು, ಕ್ಯಾಲ್ಸಿಯಂ ಚೀಟಿ ಅಂಟಿಸಿದಳು, ಹೋಗಿ ಕೊಟ್ಟು ಬಂದಳು. ಸೊಸೆ ಬಾಗಿಲಲ್ಲೇ ನಿಂತು ಕಣ್ಣಲ್ಲೇ ಕೈಮುಗಿದಳಂತೆ. ನಾವು ಒಂದು ಭಾರ ಇಳಿಯಿತು ಅಂದುಕೊಂಡೆವು.

ಆ ಕಾಲದಲ್ಲಿ ಹೊರಗಿನಿಂದ ಬಂದ ಪ್ರತಿಯೊಂದನ್ನೂ ಜನ ತೊಳೆಯುತ್ತಿದ್ದರು. ತರಕಾರಿ, ಹಾಲಿನ ಪೊಟ್ಟಣ, ಚಿಲ್ಲರೆ ಕಾಸು, ಒಂದನ್ನೂ ಬಿಡುತ್ತಿರಲಿಲ್ಲ. ಈ ಅತ್ತೆ ಆಸ್ಪತ್ರೆಯಿಂದ ಬಂದ ಡಬ್ಬಿಯನ್ನು ಬಿಟ್ಟಾರೆಯೇ? ಸೋಪಿನ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ, ಮೇಲೊಂದು ಕಲ್ಲು ಹೇರಿ, ಮಧ್ಯಾಹ್ನದವರೆಗೆ ನೆನೆಹಾಕಿದರು. ನನ್ನ ಬಾಟಲಿಯಾಗಿದ್ದರೆ ಸೀಲು ಭದ್ರವಾಗಿರುತ್ತಿತ್ತು, ಹನಿ ನೀರೂ ಒಳಗೆ ಹೋಗುತ್ತಿರಲಿಲ್ಲ. ಗಡಿಬಿಡಿಯ ಡಬ್ಬಿಗಳು ಮುಚ್ಚಳ ಸಡಿಲ ಅಂತಲೇ ಅಂದು ಮಾರಾಟವಾಗದೆ ಉಳಿದಂಥವು.

ಸುದ್ದಿ ನಮಗೆ ಮುಟ್ಟಿದ್ದು ತಡವಾಗಿ. ಸೊಸೆ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಫೋನ್ ಮಾಡಿದ್ದಳು. ಗಡಿಬಿಡಿ ನನ್ನ ಮೇಜಿನ ಮುಂದೆ ನಿಂತೇ ಮಾತಾಡಿದಳು.

"ಅಕ್ಕಾ, ಡಬ್ಬಿ ಒಳಗೆಲ್ಲ ಗಂಜಿ ಆಗಿತ್ತು. ಅತ್ತೆ ಚೆಲ್ಲಿಬಿಟ್ರು."

"ಮತ್ತೆ ಈಗ ಏನ್ ನುಂಗ್ತಿದೀಯ?"

"ಅಯ್ಯೋ ನನ್ನಿಂದ ಹಾಳಾಯ್ತಲ್ಲ ಅಂತ ಅತ್ತೇನೇ ಅಂಗಡಿಯಿಂದ ನಿಜವಾದ ಕ್ಯಾಲ್ಸಿಯಂ ತರ್ಸಿದಾರೆ. ದಿನಾ ಊಟ ಆದ್ಮೇಲೆ ಎದುರಿಗೆ ನಿಂತು ನುಂಗಿಸ್ತಾರೆ. ಬೇಡ ಅಂತ ಹೇಗನ್ಲಿ?"

"ಆಗ್ಲೇ ಯಾಕೆ ಫೋನ್ ಮಾಡ್ಲಿಲ್ಲ?"

"ಇರೋದೊಂದು ಫೋನು. ಅದು ಅತ್ತೆ ಸೊಂಟದಲ್ಲಿರುತ್ತೆ. ಈಗ ಮಲಗಿದಾರೆ, ಎತ್ಕೊಂಡ್ ಬಂದೆ."

ಫೋನಿಟ್ಟ ಮೇಲೆ ಗಡಿಬಿಡಿ ಆ ಉಗ್ರಾಣದಲ್ಲಿ ಮಂಚಗಳ ನಡುವೆ ಅತ್ತಿಂದಿತ್ತ, ಇತ್ತಿಂದತ್ತ ಓಡಾಡಿದಳು. ಪ್ರೀತಿಯಿಂದ ಒಬ್ಬರು ಇನ್ನೊಬ್ಬರನ್ನು ಹೀಗೂ ಹಾಳುಮಾಡಬಹುದೇ ಎಂದು ನನಗೆ ಸಿಟ್ಟೂ ಬಂತು, ಹೆದರಿಕೆಯೂ ಆಯಿತು. ಬಾಟಲಿ ತೆಗೆದು ಮೇಜಿನ ಮೇಲಿಟ್ಟೆ. ಅವಳ ಕೈ ಅಭ್ಯಾಸಬಲದಿಂದ ಸೀಲಿನ ಕಡೆ ಹೋಯಿತು, ಅಲ್ಲೇ ನಿಂತಿತು. ಒಡೆದರೆ ಬಕೆಟ್ಟಿನ ಭಯ, ಒಡೆಯದಿದ್ದರೆ ಬಾಟಲಿಯ ಮೇಲಿನ ಹೆಸರಿನಿಂದ ರೋಗ ಬಯಲು. ಅತ್ತ ದರಿ, ಇತ್ತ ಪುಲಿ. ಸೀಲಿದ್ದ ಬಾಟಲಿಯನ್ನೂ ಖಾಲಿ ಡಬ್ಬಿಯನ್ನೂ ಎರಡನ್ನೂ ಚೀಲಕ್ಕೆ ತುರುಕಿಕೊಂಡು ಹೊರಟಳು. ದಾರಿಯಲ್ಲಿ ಯೋಚಿಸುತ್ತೇನೆ ಅಂದಳು.

ಸ್ಕೂಟರಿನಲ್ಲಿ ಇಬ್ಬರು ಹೋಗುವ ಹಾಗಿರಲಿಲ್ಲ. ಅಲ್ಲಿ ಆದದ್ದನ್ನು ಅವಳೇ ನನಗೆ ಮೂರು ಸಲ ಹೇಳಿದ್ದಾಳೆ. ಮೂರು ಸಲವೂ ಒಂದೇ ರೀತಿ ಹೇಳಿದ್ದರಿಂದ ನಂಬಿದ್ದೇನೆ. ಅವಳ ಬೇರೆ ಕತೆಗಳು ಹಾಗಿರುವುದಿಲ್ಲ.

ಅಷ್ಟರಲ್ಲಿ ಆ ಬೀದಿಯಲ್ಲಿ ಯಾರಿಗೋ ಕೊರೊನಾ ಬಂದು ಬೀದಿಯ ಬಾಯಿಗೆ ಅಡ್ಡಲಾಗಿ ಬಿದಿರಿನ ಗಳು ಕಟ್ಟಿದ್ದರು. ನೆರಳಿನಲ್ಲಿ ಒಬ್ಬ ಪೊಲೀಸು ಕುರ್ಚಿ ಹಾಕಿಕೊಂಡು ತೂಕಡಿಸುತ್ತಿದ್ದ. ಒಳಗಿನವರು ಬಂದು ತಮಗೆ ಬಂದ ಸಾಮಾನನ್ನು ಗಳುವಿನ ಆಚೆಯಿಂದ ತೆಗೆದುಕೊಂಡು ಹೋಗಬೇಕು. ಗಡಿಬಿಡಿ ಫೋನ್ ಮಾಡಿದಳು. ಬಂದದ್ದು ಅತ್ತೆ. ಬಾಯಿಗೆ ಸೆರಗು, ಒಂದು ಕೈ ಮಂಡಿಯ ಮೇಲೆ.

"ಅಮ್ಮಾ, ಆಸ್ಪತ್ರೆಯಿಂದ ಬಂದಿದೀನಿ. ಸೊಸೆಯೋರ ಕ್ಯಾಲ್ಸಿಯಂ ನೀರಿಗೆ ಬಿತ್ತಂತಲ್ಲ, ಬೇರೆ ತಂದಿದೀನಿ."

"ಅಂಗಡೀಲಿ ತಗೊಂಡಾಯ್ತಲ್ಲ."

"ಇದು ಸ್ವಲ್ಪ ಬೇರೆ ಥರದ್ದು."

ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿದರಂತೆ. "ನನ್ನ ಮಂಡಿ ನೋವಿಗೆ ಆಸ್ಪತ್ರೆಯೋರು ಒಬ್ರೂ ಫೋನ್ ಎತ್ತಲಿಲ್ಲ. ಒಂದು ಡಬ್ಬಿ ಕ್ಯಾಲ್ಸಿಯಮ್ಮಿಗೆ ನೀನು ಇಷ್ಟು ಬಿಸಿಲಲ್ಲಿ ಎರಡು ಸಲ ಬರ್ತೀಯಾ? ನನ್ನ ಸೊಸೆಗೆ ಏನಾಗಿದೆ ಹೇಳು."

ಎಂಥ ಬಾಗಿಲನ್ನೂ ತೆರೆಸುತ್ತಿದ್ದ ಬಾಯಿಗೆ ಅವತ್ತು ಬೀಗ ಬಿತ್ತು. ಇನ್ನೊಂದು ಸುಳ್ಳು ಹೇಳಿದರೆ ಮುದುಕಿ ನಂಬುವುದಿಲ್ಲ, ಮಾತ್ರೆಯನ್ನು ಮುಟ್ಟುವುದೂ ಇಲ್ಲ. ನಿಜ ಹೇಳೋಣವೆಂದರೆ ಆ ನಿಜ ಅವಳದಲ್ಲ. ಅಷ್ಟರಲ್ಲಿ ಸೊಸೆ ಗೋಡೆ ಹಿಡಿದುಕೊಂಡು, ಹೊಟ್ಟೆಗೆ ಕೈ ಆನಿಸಿಕೊಂಡು ನಡೆದು ಬರುತ್ತಿದ್ದಳು. ಬೇಡ, ಒಳಗೆ ಹೋಗು ಎಂದು ಗಡಿಬಿಡಿ ಕಣ್ಣು ಸನ್ನೆ ಮಾಡಿದಳು. ಸೊಸೆ ನಿಲ್ಲಲಿಲ್ಲ.

"ಅತ್ತೆ, ಅದು ಕ್ಯಾಲ್ಸಿಯಂ ಅಲ್ಲ" ಅಂದಳು. "ನನಗೆ ಎಚ್‌ಐವಿ ಇದೆ. ಆ ಮಾತ್ರೆ ನುಂಗ್ತಾ ಇದ್ರೆ ಮಗೂಗೆ ಬರದ ಹಾಗೆ ತಡೀಬಹುದಂತೆ. ನೀವು ಡಬ್ಬಿ ತೊಳೆದಾಗಿಂದ ನಾನು ನುಂಗಿಲ್ಲ."

ಅತ್ತೆ ಕೇಳಿದ್ದು ಒಂದೇ. "ನನ್ನ ಮಗನಿಗೆ?"

ಸೊಸೆ ನೆಲ ನೋಡಿದಳು. ಗಡಿಬಿಡಿಯೂ ನೆಲ ನೋಡಿದಳು. ಗಡಿಬಿಡಿ ಚೀಲದಿಂದ ಸೀಲಿದ್ದ ಬಾಟಲಿಯನ್ನೇ ತೆಗೆದಳು, ಅತ್ತೆ ಗಳುವಿನ ಮೇಲಿಂದ ಕೈ ಚಾಚಿ ಇಸಿದುಕೊಂಡರು. ಸೊಸೆಯನ್ನು ಮುಂದೆ ಬಿಟ್ಟುಕೊಂಡು, ನಾಲ್ಕು ಹೆಜ್ಜೆ ದೂರದಲ್ಲಿ ಹಿಂದೆ ನಡೆದರು.

ವಾಪಸ್ಸು ಬಂದ ಗಡಿಬಿಡಿ ಹೆಲ್ಮೆಟ್ಟನ್ನೂ ತೆಗೆಯದೆ ಅತ್ತಳು. "ನನ್ನ ಡಬ್ಬಿಯಿಂದಾಗಿ ಆ ಹುಡುಗಿ ಬೀದೀಲಿ ನಿಂತು ಬಾಯಿ ಬಿಡ್ಬೇಕಾಯ್ತು ಸಾರ್. ಇನ್ನು ಅವಳನ್ನ ಮನೇಲಿ ಇಟ್ಕೋತಾರೋ ಇಲ್ವೋ." ನಾನು ಹೇಳಿರಲಿಲ್ಲವೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆ ಮುಖ ನೋಡಿ ನುಂಗಿಕೊಂಡೆ.

ಮಾರನೆಯ ದಿನದಿಂದ ಅವಳು ಆ ಮನೆಗೆ ದಿನಾ ಫೋನ್ ಮಾಡತೊಡಗಿದಳು. ಎತ್ತುತ್ತಿದ್ದದ್ದು ಅತ್ತೆ. "ನುಂಗಿದಾಳೆ" ಎಂದು ಒಂದು ಮಾತು ಹೇಳಿ ಇಟ್ಟುಬಿಡುತ್ತಿದ್ದರು. ನಿಜವೋ ಸುಳ್ಳೋ ಗೊತ್ತಾಗುವ ಬಗೆ ಇರಲಿಲ್ಲ. ಫೋನ್ ಇಟ್ಟಮೇಲೆ ಗಡಿಬಿಡಿ ಉಗುರು ಕಚ್ಚುತ್ತಿದ್ದಳು, ಬೇರೆಯವರ ಚೀಲ ತುಂಬುತ್ತಿದ್ದಳು, ತುಂಬಿದ್ದನ್ನು ಮತ್ತೆ ಸುರಿದು ನೋಡುತ್ತಿದ್ದಳು. ಈಗ ಪ್ರತಿಯೊಬ್ಬರನ್ನೂ ಸೀಲು ಒಡೆಯಲೋ ಬೇಡವೋ, ನಿಮ್ಮ ಮನೆಯಲ್ಲಿ ಸಾಮಾನು ತೊಳೆಯುವವರು ಯಾರು ಎಂದು ಕೇಳಿಯೇ ಹೊರಡುತ್ತಿದ್ದಳು. ಒಂದು ದಿನ ಸೊಸೆಗೆ ಹೇಗೋ ಫೋನು ಕೈಗೆ ಸಿಕ್ಕಿತು. "ಅತ್ತೆ ನನ್ನ ಹತ್ರ ಮಾತಾಡಲ್ಲ ಅಕ್ಕ. ತಟ್ಟೆ ಲೋಟ ಬೇರೆ ಮಾಡಿದಾರೆ. ಆದ್ರೆ ಟೈಮಿಗೆ ಸರಿಯಾಗಿ ಮಾತ್ರೆ ತಂದು ಮುಂದೆ ಇಡ್ತಾರೆ" ಎಂದಳು. ಗಡಿಬಿಡಿಗೆ ರೇಗಿಹೋಯಿತು. ಒಂದೇ ಲೋಟದಲ್ಲಿ ಕುಡಿದರೆ ಬರುವುದಿಲ್ಲ ಎಂದು ಅತ್ತೆಗೆ ಫೋನಿನಲ್ಲೇ ಪಾಠ ಮಾಡಲು ಹೋದಳು. ಅತ್ತೆ ಪೂರ್ತಿ ಕೇಳಿದರು. "ನುಂಗಿದಾಳೆ" ಎಂದು ಇಟ್ಟರು.

ಹೆರಿಗೆ ನಮ್ಮ ಆಸ್ಪತ್ರೆಯಲ್ಲೇ ಆಯಿತು. ಹೆಣ್ಣು ಮಗು. ಹುಟ್ಟಿದ ಮಗುವಿಗೂ ಕೆಲವು ವಾರ ಹನಿ ಔಷಧಿ ಹಾಕಬೇಕು. ರೋಗ ತಗುಲಿದೆಯೋ ಇಲ್ಲವೋ ಎಂಬ ಪರೀಕ್ಷೆ ಆಮೇಲೆ. ಡ್ರೈವರೂ ಅಷ್ಟರಲ್ಲಿ ಹೇಗೋ ಊರು ಸೇರಿದ್ದ. ಅವನು ಬರುತ್ತಾನೆಂದು ನಾವು ಕಾದೆವು. ಬರಲಿಲ್ಲ. ಫೋನೂ ಎತ್ತಲಿಲ್ಲ. ತಾಯಿಗೆ ಮುಖ ತೋರಿಸಲಾಗದೆ ಎಲ್ಲಾದರೂ ಹೋದನೇ, ಮಾತ್ರೆಯನ್ನೂ ಬಿಟ್ಟನೇ ಎಂದು ಗಡಿಬಿಡಿ ಬಾಗಿಲಿಗೂ ಮೇಜಿಗೂ ನಡೆದು ನಡೆದು ನನ್ನ ತಲೆ ಕೆಡಿಸಿದಳು.

ಆಗ ಸಾಲಿನಲ್ಲಿ ಒಬ್ಬ ಮುದುಕಿ ಕಂಡರು. ಸಾಲಿನಲ್ಲಿದ್ದವರೆಲ್ಲ ತಲೆ ತಗ್ಗಿಸಿಕೊಂಡು, ಮಾಸ್ಕನ್ನು ಕಣ್ಣಿನವರೆಗೆ ಎಳೆದುಕೊಂಡು ನಿಂತಿದ್ದರೆ ಇವರು ಮಂಡಿ ಹಿಡಿದುಕೊಂಡು ನೆಟ್ಟಗೆ ಮುಂದೆ ನೋಡುತ್ತ ನಿಂತಿದ್ದರು. ಗಡಿಬಿಡಿ ಓಡಿಹೋಗಿ, "ನೀವು ಯಾಕಮ್ಮ ಬಂದ್ರಿ, ಮಗ ಎಲ್ಲಿ?" ಎಂದಳು.

"ಮನೇಲಿದಾನೆ. ಎಲ್ರೂ ನೋಡ್ತಾರೆ, ನಾಚಿಕೆ ಅಂತಾನೆ. ನನಗೇನು ನಾಚಿಕೆ, ಈ ವಯಸ್ಸಿಗೆ?"

ಗಡಿಬಿಡಿಯ ಬಾಯಿ ಸುಮ್ಮನಿರಲಿಲ್ಲ. "ಲೋಟ ಇನ್ನೂ ಬೇರೇನಾ ಅಮ್ಮ?" ಎಂದು ಕೇಳಿಯೇ ಬಿಟ್ಟಳು.

ಮುದುಕಿ ಅವಳನ್ನು ನೋಡಲಿಲ್ಲ. ನನ್ನ ಮೇಜಿನ ಮೇಲೆ ಬಟ್ಟೆಯ ಚೀಲ ಬಿಚ್ಚಿ ಹಿಡಿದರು.

"ಲೋಟದ ಮಾತು ಇನ್ನೊಂದು ದಿನ ಆಡೋಣ. ಅದು ನನ್ನ ಕೈಲಿ ಇನ್ನೂ ಆಗ್ತಿಲ್ಲ. ಈಗ ಮೂವರದ್ದೂ ಕೊಡಿ."