ಮೇಲಿನ ದನಿ ಹೋದರೂ ಸಾಲು ಬಿಡದ ರೇಡಿಯೋ ಅಕ್ಕ

ಇನ್ನೂ ಬೆಳಕು ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ದೊಡ್ಡ ಯಂತ್ರಗಳು ಗುಂಯ್‌ಗುಡುತ್ತಿವೆ. ಹಬೆಯ ನಡುವೆ ನಿಂತ ಹೆಂಗಸೊಬ್ಬರು ಒದ್ದೆ ಹೊದಿಕೆಗಳನ್ನು ಕೊಡವಿ ಇಸ್ತ್ರಿ ಯಂತ್ರಕ್ಕೆ ಕೊಡುತ್ತ ಏನನ್ನೋ ಗುನುಗುತ್ತಿದ್ದಾರೆ. ಕಿವಿಗೊಟ್ಟರೆ ಹಾಡು ಅನ್ನಿಸುವುದೇ ಇಲ್ಲ. ಒಂದೆರಡು ಸ್ವರಗಳ ಆಸುಪಾಸಿನಲ್ಲೇ ಸುಳಿದಾಡುವ ತಗ್ಗಿನ ದನಿ.

"ಹಾಡೇ ಇದು. ಆದ್ರೆ ನನ್ನ ಪಾಲಿಗೆ ಬಂದಿರೋದು ಇಷ್ಟೇ" ಎಂದು ನಗುತ್ತಾರೆ.

ಸದಾ ಏನಾದರೊಂದು ಹಾಡುತ್ತಲೇ ಇರುವುದರಿಂದ ಜೊತೆ ಕೆಲಸದವರಿಗೆಲ್ಲ ಇವರು ರೇಡಿಯೋ ಅಕ್ಕ. ಚಿಕ್ಕಂದಿನಿಂದಲೂ ಆಂಗ್ಲಿಕನ್ ಚರ್ಚಿನ ಗಾಯಕವೃಂದದಲ್ಲಿದ್ದಾರೆ. ಕ್ರಿಸ್‌ಮಸ್ ಆರಾಧನೆಯಲ್ಲಿ ವೃಂದ ನಾಲ್ಕು ದನಿಗಳಲ್ಲಿ ಹಾಡುವ ಸ್ತೋತ್ರಗೀತೆಯ ಮೊದಲ ಸಾಲನ್ನು ವರ್ಷಗಟ್ಟಲೆ ಒಬ್ಬರೇ ಎತ್ತಿಕೊಡುತ್ತಿದ್ದವರು. ಎರಡು ವರ್ಷದ ಹಿಂದೆ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಶಸ್ತ್ರಚಿಕಿತ್ಸೆ ಜೀವ ಉಳಿಸಿತು, ಮೇಲಿನ ಸ್ವರಗಳನ್ನು ಕಿತ್ತುಕೊಂಡಿತು.

"ಇವಳು ಒಂದು ಗಳಿಗೆ ಬಾಯಿ ಮುಚ್ಚಿದ್ರೆ ಸಾಕಪ್ಪಾ ಅಂತ ತಮಾಷೆ ಮಾಡ್ತಿದ್ದೆ" ಎನ್ನುತ್ತಾರೆ ಬಸ್ ಓಡಿಸುವ ಪತಿ. "ಮನೆ ನಿಜವಾಗ್ಲೂ ಸುಮ್ಮನಾಯ್ತು ನೋಡಿ, ನಂಗೆ ಊಟ ಸೇರ್ತಿರಲಿಲ್ಲ."

ಚೇತರಿಸಿಕೊಂಡು ಚರ್ಚಿಗೆ ಮರಳಿದಾಗ, ವೃಂದವನ್ನು ನಡೆಸುವ ಮೇಷ್ಟ್ರು ಒಂದು ಸಾಲು ಹಾಡಿಸಿ ನೋಡಿದರು. "ಇಷ್ಟು ದಿನ ಹಾಡಿದ್ದು ಸಾಕಮ್ಮ, ಸುಧಾರಿಸ್ಕೋ" ಎಂದರು. ಅಕ್ಕ ಜಗ್ಗಲಿಲ್ಲ.

"ಮೇಷ್ಟ್ರೇ, ಮೇಲಿನ ಮೆಟ್ಟಿಲು ಹತ್ತೋಕಾಗಲ್ಲ, ನಿಜ. ಕೆಳಗಿನ ಮೆಟ್ಟಿಲಲ್ಲಾದ್ರೂ ನಿಲ್ಲಿಸಿ."

ಹೀಗೆ ಹೆಂಗಸರ ಕೆಳದನಿಯ ಸಾಲಿಗೆ, ಅಂದರೆ ಆಲ್ಟೊ ಸಾಲಿಗೆ, ಹೊಸಬರಂತೆ ಸೇರಿಕೊಂಡರು. ಹೇಳಿದಷ್ಟು ಸಲೀಸಲ್ಲ ಅದು; ಅದೇ ಹಾಡಿಗೆ ಈ ಸಾಲಿನವರ ರಾಗವೇ ಬೇರೆ. ಅರ್ಧ ಆಯುಷ್ಯ ಹಾಡಿದ ರಾಗವೇ ಪಕ್ಕದಲ್ಲಿ ಕೇಳಿಸುತ್ತಿದ್ದರೆ ನಾಲಿಗೆ ಅತ್ತಲೇ ಹೊರಳುತ್ತದೆ. ಕಳೆದ ಕ್ರಿಸ್‌ಮಸ್‌ನ ತಾಲೀಮಿನಲ್ಲಿ ಮತ್ತೆ ಮತ್ತೆ ಜಾರಿದರು. ಹಾಡೂ ಕೆಟ್ಟಿತು, ಉಳಿದವರ ಮುಖವೂ ಕೆಟ್ಟಿತು. ಹಬ್ಬದ ದಿನ ತಾವೇ ಹಿಂದೆ ಸರಿದು ಜನರ ನಡುವೆ ಹೋಗಿ ಕುಳಿತರು.

"ಅತ್ತುಬಿಟ್ಟೆ ಅಂದ್ಕೊಂಡ್ರಾ? ಇಲ್ಲ. ಆರಾಧನೆ ಮುಗಿದ ಮೇಲೆ ಆಲ್ಟೊದವರ ಸ್ವರ ಬರೆದ ಹಾಳೆ ಇಸ್ಕೊಂಡು ಮನೆಗೆ ಹೋದೆ."

ಅಂದಿನಿಂದ ಬಟ್ಟೆ ಒಗೆಯುವ ಈ ಯಂತ್ರಗಳೇ ಗುರು. "ಇವು ತಮ್ಮದೇ ಶ್ರುತಿ ಎಳೀತಾವೆ. ಇವುಗಳ ಹಿಂದೆ ಹೋದ್ರೆ ನಾನು ಕೆಟ್ಟೆ. ಹೋಗ್ದೆ ನಿಲ್ಲೋದೇ ಕಲಿಯೋದು."

ಈ ಸಲದ ಕ್ರಿಸ್‌ಮಸ್‌ಗಾಗಿ ಭಾನುವಾರ ನಡೆಯುವ ತಾಲೀಮಿಗೆ ನಾನೂ ಹೋಗುತ್ತೇನೆ. ಮೇಷ್ಟ್ರು ಆರ್ಗನ್ ನಿಲ್ಲಿಸಿ ಬರೀ ದನಿಗಳಲ್ಲಿ ಹಾಡಿಸುತ್ತಾರೆ. ಹಳೆಯ ರಾಗ ಪಕ್ಕದಲ್ಲೇ ಎತ್ತರಕ್ಕೇರುತ್ತದೆ. ಅಕ್ಕ ಕಣ್ಣು ಮುಚ್ಚಿ, ಮುಷ್ಟಿ ಬಿಗಿಹಿಡಿದು, ತಮ್ಮ ಸ್ವರದಲ್ಲೇ ಕೊನೆಯವರೆಗೂ ನಿಲ್ಲುತ್ತಾರೆ. ಮೇಷ್ಟ್ರದು ಹೊಗಳುವ ಜಾಯಮಾನವಲ್ಲ. "ಹಬ್ಬದ ದಿನಾನೂ ಹೀಗೇ ನಿಂತ್ಕೊಳ್ಳಮ್ಮ" ಎಂದಷ್ಟೇ ಹೇಳಿ ಪುಟ ತಿರುಗಿಸುತ್ತಾರೆ.

ಮೊದಲಿನಂತೆ ಒಬ್ಬರೇ ಹಾಡುವ ಆಸೆಯಿಲ್ಲವೇ ಎಂದು ಕೇಳಿದರೆ, ಅಕ್ಕ ತಮ್ಮ ಹಾಳೆ ಮಡಚಿಡುತ್ತ ಹೇಳುತ್ತಾರೆ:

"ಈಗ ನನ್ನ ದನಿ ಯಾರಿಗೂ ಬೇರೆಯಾಗಿ ಕೇಳಿಸಬಾರದು. ಆದ್ರೆ ನಾನು ನಿಲ್ಲಿಸಿಬಿಟ್ರೆ, ಹಾಡಲ್ಲಿ ಏನೋ ಕಮ್ಮಿಯಾಯ್ತಲ್ಲ ಅಂತ ಕಡೇ ಬೆಂಚಿನವರಿಗೂ ಅನ್ನಿಸಬೇಕು. ಅಷ್ಟು ಸಾಕು."