ಎಂಟು ಕಂಪ್ಯೂಟರ್‌ಗಳ ಹೊದಿಕೆ

ಆರ್‌ಪಿಸಿ ಲೇಔಟ್‌ನ ಒಂದು ಅಡ್ಡರಸ್ತೆಯಲ್ಲಿ, ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ಅಪ್ಪ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಿದ್ದರು. ಟೈಪಿಂಗ್, ಟ್ಯಾಲಿ, ಡಿಟಿಪಿ. ಕಲಿಯಲು ಬರುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿ, ಕೊನೆಗೆ ಯಾರೂ ಬಾರದಾದಾಗ ಅವರು ಅದನ್ನು ಮುಚ್ಚಲು ಒಪ್ಪಿದರು. ತಿಂಗಳ ಕೊನೆಯ ಮಂಗಳವಾರ ಮಾಲೀಕರಿಗೆ ಬೀಗದ ಕೈ ಕೊಡಬೇಕಿತ್ತು. ಅದೇ ದಿನ ಗುಜರಿಯವರು ಕಂಪ್ಯೂಟರ್‌ಗಳನ್ನು ಒಯ್ಯುವುದೆಂದು ಮಾತಾಗಿತ್ತು.

ಅಷ್ಟರೊಳಗೆ ನನಗೆ ಆ ಎಂಟೂ ಕಂಪ್ಯೂಟರ್‌ಗಳಿಂದ ಒಂದು ಕೆಲಸ ಆಗಬೇಕಿತ್ತು. ಹೇರೋಹಳ್ಳಿಯ ಸುತ್ತ ನೆಲದಡಿಯ ನೀರು ಮುಂದಿನ ಮೂವತ್ತು ವರ್ಷಗಳಲ್ಲಿ ಎಷ್ಟು ಇಳಿಯುತ್ತದೆ ಎಂಬುದು ನನ್ನ ಪಿಎಚ್‌ಡಿಯ ಲೆಕ್ಕ. ವಿಶ್ವವಿದ್ಯಾಲಯದ ದೊಡ್ಡ ಯಂತ್ರದಲ್ಲಿ ನನ್ನ ಸರದಿ ಬರುವಷ್ಟರಲ್ಲಿ ಪ್ರಬಂಧ ಸಲ್ಲಿಸುವ ಗಡುವು ದಾಟಿರುತ್ತಿತ್ತು. ಹಾಗಾಗಿ ಎಂಟಕ್ಕೂ ಉಚಿತವಾಗಿ ಸಿಗುವ ಲಿನಕ್ಸ್ ತಂತ್ರಾಂಶ ಹಾಕಿ, ಕೇಬಲ್‌ಗಳಿಂದ ಜೋಡಿಸಿದೆ. ಹೇರೋಹಳ್ಳಿಯ ನೆಲವನ್ನು ಎಂಟು ಭಾಗ ಮಾಡಿ ಒಂದೊಂದಕ್ಕೆ ಒಂದು ಭಾಗ ಕೊಟ್ಟೆ. ತನ್ನ ಅಂಚಿನಲ್ಲಿ ನೀರು ಎಷ್ಟಿದೆಯೆಂದು ಪ್ರತಿಯೊಂದೂ ಪಕ್ಕದ್ದಕ್ಕೆ ತಿಳಿಸುತ್ತಿರಬೇಕು. ಒಂದು ನಿಂತರೆ ಎಲ್ಲದರ ಕೆಲಸವೂ ನಿಲ್ಲುತ್ತದೆ. ಬಿಡದೆ ಓಡಿದರೆ ಸೋಮವಾರ ಮುಗಿಯುತ್ತಿತ್ತು.

ಅಪ್ಪ ಮತ್ತೆ ಬೆಳಿಗ್ಗೆ ಒಂಬತ್ತಕ್ಕೆ ಬಂದು, ಗುಡಿಸಿ, ಊದುಬತ್ತಿ ಹಚ್ಚಿ ಕೂರತೊಡಗಿದರು. ಒಂದು ದಿನ ಕೆಳಗಿನ ಜೆರಾಕ್ಸ್ ಅಂಗಡಿಯ ಆಂಟಿ ಮೇಲೆ ಬಂದು ಇಣುಕಿದರು.

"ಏನ್ ಸಾರ್, ಸ್ಟೂಡೆಂಟ್ಸೇ ಇಲ್ಲ, ಎಲ್ಲಾ ಆನ್ ಮಾಡ್ಕೊಂಡು ಕೂತಿದೀರ?"

"ಈಗ ಕಂಪ್ಯೂಟರ್‌ಗಳೇ ಓದ್ಕೋತಾ ಇದಾವೆ ಕಣಮ್ಮ. ನನ್ನ ಮಗಳು ಡಾಕ್ಟರ್ ಆಗ್ತಾಳೆ."

"ಹಂಗಾದ್ರೆ ನನ್ನ ಮಂಡಿನೋವಿಗೂ ಏನಾದ್ರೂ ಬರ್ಸ್ಕೊಡಿ!"

ಅಪ್ಪ ಜೋರಾಗಿ ನಕ್ಕರು. ಅವರ ಆ ನಗು ಕೇಳಿ ಬಹಳ ದಿನವಾಗಿತ್ತು.

ಶುಕ್ರವಾರ ನಾನು ವಿಚಾರ ಸಂಕಿರಣಕ್ಕೆಂದು ಎರಡು ದಿನ ಮೈಸೂರಿಗೆ ಹೋಗಬೇಕಾಯಿತು. ಯಾವುದನ್ನೂ ಆಫ್ ಮಾಡಬೇಡಿ, ಸೀಲಿಂಗ್ ಫ್ಯಾನ್ ತಿರುಗುತ್ತಲೇ ಇರಲಿ ಎಂದು ಅಪ್ಪನಿಗೆ ಹೇಳಿದೆ. ಅವರು ಅದನ್ನು ಚೀಟಿಯಲ್ಲಿ ಬರೆದು ಬಾಗಿಲಿಗೆ ಅಂಟಿಸಿದರು.

ಸೋಮವಾರ ಬೆಳಿಗ್ಗೆ ಬಾಗಿಲು ತೆರೆದಾಗ ಫ್ಯಾನ್ ತಿರುಗುತ್ತಿತ್ತು. ಎಂಟೂ ಕಂಪ್ಯೂಟರ್‌ಗಳ ಮೇಲೆ ಅಮ್ಮ ಹಿಂದೆ ಹೊಲಿದುಕೊಟ್ಟಿದ್ದ ದಪ್ಪ ಬಟ್ಟೆಯ ಹೊದಿಕೆಗಳಿದ್ದವು, ಮೂಲೆಗಳನ್ನೂ ನೀಟಾಗಿ ಎಳೆಯಲಾಗಿತ್ತು. ದಿನವೂ ಕೇಂದ್ರ ಮುಚ್ಚುವ ಮುನ್ನ ಹೊದಿಕೆ ಹಾಕುವುದು ಅಪ್ಪ ಪ್ರತಿ ಬ್ಯಾಚಿಗೂ ಮೊದಲ ದಿನ ಕಲಿಸುತ್ತಿದ್ದ ಪಾಠ. ಒಂದೊಂದಾಗಿ ತೆಗೆದು ನೋಡಿದೆ. ಆರನೆಯದು ಗಾಳಿಯಾಡದೆ ಬಿಸಿಯೇರಿ ಶುಕ್ರವಾರ ಸಂಜೆಯೇ ಆರಿಹೋಗಿತ್ತು. ಉಳಿದ ಏಳೂ ಅದರ ಉತ್ತರಕ್ಕಾಗಿ ಕಾಯುತ್ತಾ ಸುಮ್ಮನೆ ಆನ್ ಆಗಿಯೇ ಇದ್ದವು. ಲೆಕ್ಕ ಹತ್ತೊಂಬತ್ತು ವರ್ಷ ಮುಗಿಸಿ ನಿಂತಿತ್ತು. ಉಳಿದಿದ್ದ ಒಂದು ದಿನದಲ್ಲಿ ಅದು ಮುಗಿಯುವಂತಿರಲಿಲ್ಲ.

ಅಪ್ಪ ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಬಂದರು.

"ಎದುರುಗಡೆ ಬಿಲ್ಡಿಂಗ್ ಒಡೀತಾ ಇದಾರೆ ಕಣಮ್ಮ, ವಿಪರೀತ ಧೂಳು. ಅದಕ್ಕೇ ಹೊದಿಸಿ ಹೋಗಿದ್ದೆ. ಸ್ವಿಚ್ ಮಾತ್ರ ಒಂದೂ ಮುಟ್ಟಿಲ್ಲ."

"ಒಳ್ಳೇದಾಯ್ತಪ್ಪ."

"ಮುಗೀತಾ?"

"ಮುಗೀತು."

ಮರುದಿನ ಗುಜರಿಯವರು ಬಂದರು. ಅಪ್ಪ ಪ್ರತಿ ಕಂಪ್ಯೂಟರನ್ನೂ ಬಟ್ಟೆಯಿಂದ ಒರೆಸಿ ಕೊಟ್ಟರು. "ಒಡೆಯಕ್ಕೆ ತಾನೇ ಸಾರ್ ತಗೊಂಡ್ ಹೋಗೋದು, ಬಿಡಿ" ಎಂದು ಗುಜರಿಯವರು ಹೇಳಿದರೂ ಅಪ್ಪ ಕೈ ನಿಲ್ಲಿಸಲಿಲ್ಲ.

ಪ್ರಬಂಧದಲ್ಲಿ ಹತ್ತೊಂಬತ್ತು ವರ್ಷಗಳ ಲೆಕ್ಕವನ್ನಷ್ಟೇ ಕೊಟ್ಟು, ಹಾರ್ಡ್‌ವೇರ್ ತೊಂದರೆಯಿಂದ ಉಳಿದದ್ದು ಸಾಧ್ಯವಾಗಲಿಲ್ಲ ಎಂದು ಒಂದು ಸಾಲು ಬರೆದೆ. ಪದವಿ ಬಂತು. ಬೈಂಡ್ ಆದ ಪ್ರತಿಯನ್ನು ಅಪ್ಪ ವಾರವಿಡೀ ಸಾಲಿನ ಕೆಳಗೆ ಬೆರಳಿಟ್ಟು ಓದಿದರು. ಪುಟ ಮಗುಚುವ ಸದ್ದು ನಿಂತಾಗ, ಅವರು ಆ ಪುಟಕ್ಕೆ ಬಂದದ್ದು ಅಡುಗೆಮನೆಯಲ್ಲಿದ್ದ ನನಗೆ ಗೊತ್ತಾಯಿತು.

"ಹಾರ್ಡ್‌ವೇರ್ ತೊಂದರೆ ಅಂತ ಬರ್ದಿದೀಯ. ಮುಗೀತು ಅಂದಿದ್ಯಲ್ಲ. ಯಾವ ಮಷೀನು?"

"ಆರನೇದು."

ಅವರು ಎದ್ದು ಅಡುಗೆಮನೆಯ ಬಾಗಿಲಿಗೆ ಬಂದರು. "ಅದರ ಒಳಗಿನ ಫ್ಯಾನು ಹಳೇದು. ನಾನು ಬದಲಾಯಿಸ್ಬೇಕಿತ್ತು. ನಂದೇ ತಪ್ಪು ಕಣಮ್ಮ."

ಆ ಫ್ಯಾನನ್ನು ಹಿಂದಿನ ವರ್ಷ ಅವರೇ ಬದಲಾಯಿಸಿದ್ದರು. ಸ್ಕ್ರೂ ಹಿಡಿದು ಪಕ್ಕದಲ್ಲಿ ನಿಂತಿದ್ದವಳು ನಾನು. ಅದನ್ನು ನೆನಪಿಸಿದರೆ, ಹಾಗಾದರೆ ಮಷೀನು ಹೇಗೆ ಕೆಟ್ಟಿತು ಎಂದು ಕೇಳುತ್ತಾರೆ. ನಾನು ಅಕ್ಕಿ ತೊಳೆಯುವುದನ್ನು ಮುಂದುವರಿಸಿದೆ.